ಮಾಗಿ ಚಳೀಲಿ ಎಲೆಕ್ಟ್ರಿಕ್ ಕಾರು ಬೆಚ್ಚಗಿಡೋದು ಹೆಂಗೆ, ಚಾರ್ಜೂ ಉಳಿಸೋದು ಹೆಂಗೆ: ಚಿಕ್ಕಬಳ್ಳಾಪುರದ ಕಡೆಯಿಂದ ಒಂದು ಪೂರ್ತಿ ಗೈಡ್

ಹೀಟರ್ ಮುಟ್ಲೇಬೇಡಿ ಚಾರ್ಜ್ ಎಲ್ಲಾ ಕುಡ್ದುಬಿಡುತ್ತೆ ಅನ್ನೋರು ಒಂದು ಕಡೆ, ನಮ್ಮೂರಲ್ಲಿ ಏನ್ ಮಹಾ ಚಳಿ ಹೀಟರ್ ಯಾಕ್ರೀ ಬೇಕು ಅನ್ನೋರು ಇನ್ನೊಂದು ಕಡೆ. ಈ ಎರಡನೇ ಗುಂಪಿನೋರು ಧನುರ್ಮಾಸದಲ್ಲಿ ಬೆಳಿಗ್ಗೆ ಐದು ಗಂಟೆಗೆ ನಂದಿ ಕ್ರಾಸ್ ಹತ್ರ ಹತ್ತು ನಿಮಿಷ ನಿಂತ್ಕೊಂಡು ನೋಡ್ಲಿ, ಆಮೇಲೆ ಮಾತಾಡೋಣ. 12-13 ಡಿಗ್ರಿ ಅಂದ್ರೆ ಪೇಪರಲ್ಲಿ ಓದೋಕೆ ಏನೂ ಅನ್ಸಲ್ಲ, ಆದ್ರೆ ರಾತ್ರಿಯೆಲ್ಲಾ ಇಬ್ಬನೀಲಿ ನೆನೆದ ಕಾರೊಳಗೆ ಕೂತು ಸ್ಟೇರಿಂಗ್ ಹಿಡಿದ್ರೆ ಕೈ ಜುಮ್ ಅನ್ನುತ್ತೆ, ಮುಂದಿನ ಗಾಜು ನೋಡಿದ್ರೆ ಸುಣ್ಣ ಬಳ್ದಂಗಿರುತ್ತೆ.

ನಾನು ಚಿಕ್ಕಬಳ್ಳಾಪುರದಿಂದ ಹೆಬ್ಬಾಳದ ಕಡೆಗೆ ವಾರಕ್ಕೆ ಐದು ದಿನ ಹೋಗಿ ಬರೋನು. ಎಲೆಕ್ಟ್ರಿಕ್ ಕಾರು ತಗೊಂಡು ಇದು ಮೂರನೇ ಚಳಿಗಾಲ. ಮೊದಲನೇ ವರ್ಷ ಬೆಂಗ್ಳೂರಲ್ಲಿ ಒಂದು ಮದುವೆಗೆ ಅಂತ ಅಪ್ಪ ಅಮ್ಮ ಚಿಕ್ಕಮ್ಮ ಎಲ್ಲಾರನ್ನೂ ಕೂರಿಸ್ಕೊಂಡು ಹೊರಟೆ, ಅಮ್ಮನಿಗೆ ಚಳಿ ಅಂತ ಹೀಟರ್ ನಾಬ್ ಕೊನೇವರೆಗೂ ತಿರುಗಿಸಿ ಹೋಗ್ತಾನೂ ಹಂಗೇ ಬರ್ತಾನೂ ಹಂಗೇ, ಮಧ್ಯ ಎರಡು ಸಲ ಜಾಮು, ವಾಪಸ್ ಬರೋವಾಗ ದೇವನಹಳ್ಳಿ ದಾಟೋಷ್ಟರಲ್ಲಿ 9 ಪರ್ಸೆಂಟ್ ತೋರಿಸ್ತಾ ಇತ್ತು, ನಂಬ್ಕೊಂಡಿದ್ದ ಫಾಸ್ಟ್ ಚಾರ್ಜರ್ ಸ್ಕ್ರೀನ್ ಕಪ್ಪಗೆ ಸತ್ತು ಬಿದ್ದಿತ್ತು. ಹೀಟರ್ ಆಫ್ ಮಾಡಿ ನಲವತ್ತರ ಸ್ಪೀಡಲ್ಲಿ ಊರು ಸೇರೋಷ್ಟರಲ್ಲಿ ಅಮ್ಮ ತಲೆ ತುಂಬಾ ಸೆರಗು ಹೊದ್ಕೊಂಡು "ಲೋ, ಇದಕ್ಕಿಂತ ನಮ್ ಹುಳು ಮನೇನೇ ಬೆಚ್ಚಗೈತಲ್ಲೋ" ಅಂದ್ರು.

ಆ ಮಾತೇ ನನಗೆ ದಾರಿ ತೋರಿಸಿದ್ದು. ನಮ್ದು ಶಿಡ್ಲಘಟ್ಟದ ಕಡೆ ರೇಷ್ಮೆ ಮನೆತನ. ಚಾಕಿ ಹುಳಕ್ಕೆ, ಅಂದ್ರೆ ಮೊಟ್ಟೆ ಒಡೆದ ಹೊಸದರ ಮರಿ ಹುಳಕ್ಕೆ, 27-28 ಡಿಗ್ರಿ ಬೇಕು, ನಾಲ್ಕನೇ ಜ್ವರ (ಪೊರೆ ಬಿಡೋದಕ್ಕೆ ನಾವು ಹಂಗಂತೀವಿ) ಎದ್ದ ದೊಡ್ಡ ಹುಳಕ್ಕೆ 24-25 ಸಾಕು, ಚಳಿಗಾಲದಲ್ಲಿ ಇದನ್ನ ಕಾಯೋಕೆ ಅಪ್ಪ ಪಡ್ತಿದ್ದ ಪಾಡು ನಾನು ಚಿಕ್ಕಂದಿನಿಂದ ನೋಡಿದೀನಿ. ಇಡೀ ಶೆಡ್ ಕಾಯಿಸೋಕೆ ಹೋದ್ರೆ ಇದ್ದಿಲು ಖರ್ಚಿಗೆ ಗೂಡಿನ ದುಡ್ಡು ಸಾಲಲ್ಲ, ಅದಕ್ಕೆ ಚಾಕಿ ಇರೋ ಮೂಲೇನ ಮಾತ್ರ ಪರದೆ ಕಟ್ಟಿ ಕಾಯಿಸೋರು. ಎಲೆಕ್ಟ್ರಿಕ್ ಕಾರಿಗೂ ಅದೇ ಲೆಕ್ಕ: ಗಾಳಿ ಕಾಯಿಸೋಕಿಂತ ಒಳಗೆ ಕೂತಿರೋ ಮನುಷ್ಯನ್ನ ಕಾಯಿಸಿ, ಗಾಳಿ ಕಾಯಿಸಲೇಬೇಕಾದ್ರೆ ಮನೆ ಕರೆಂಟಲ್ಲಿ ಕಾಯಿಸಿ, ರೋಡಲ್ಲಿ ಬ್ಯಾಟ್ರಿಯಿಂದ ಅಲ್ಲ. ಮುಂದೆ ಹೇಳೋದೆಲ್ಲಾ ಇದನ್ನೇ ಒಂದೊಂದಾಗಿ ಬಿಡಿಸಿ ಹೇಳೋದು.

ಮೊದಲು ನಿಮ್ ಗಾಡೀಲಿ ಇರೋದು ಯಾವ ಹೀಟರ್ ತಿಳ್ಕೊಳ್ಳಿ

ಪೆಟ್ರೋಲ್ ಡೀಸೆಲ್ ಗಾಡೀಲಿ ಹೀಟರ್ ಬಿಟ್ಟಿ. ಎಂಜಿನ್ನಿಗೆ ಹಾಕಿದ ಎಣ್ಣೇಲಿ ಚಕ್ರಕ್ಕೆ ಹೋಗೋದು ಹೆಚ್ಚೂಕಮ್ಮಿ ಮೂರರಲ್ಲೊಂದು ಪಾಲು ಇದ್ರೆ ದೊಡ್ಡದು, ಮಿಕ್ಕಿದ್ದು ಸುಮ್ನೆ ಬಿಸಿಯಾಗಿ ಹೋಗುತ್ತೆ, ಅದನ್ನೇ ಒಂಚೂರು ಒಳಗೆ ತಿರುಗಿಸಿದ್ರೆ ಆಯ್ತು, ಹಂಡೆ ಒಲೆ ಪಕ್ಕ ಕೂತು ಚಳಿ ಕಾಯಿಸ್ಕೊಂಡಂಗೆ. ಎಲೆಕ್ಟ್ರಿಕ್ ಮೋಟ್ರು ಹಂಗಲ್ಲ, ನೂರಕ್ಕೆ ತೊಂಬತ್ತು ಭಾಗ ಕೆಲಸಕ್ಕೇ ಹಾಕುತ್ತೆ, ವೇಸ್ಟ್ ಬಿಸಿ ಅಂತ ಜಾಸ್ತಿ ಹುಟ್ಟೋದೇ ಇಲ್ಲ. ಅದಕ್ಕೆ ಬಿಸೀನ ಬ್ಯಾಟ್ರಿ ಕರೆಂಟಿಂದಲೇ ಮಾಡ್ಬೇಕು.

ಮಾಡೋದು ಎರಡು ತರ. ಒಂದು ಪಿಟಿಸಿ ಹೀಟರ್. ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸೋ ಕಾಯಿಲ್ ಇದ್ಯಲ್ಲ ಅದರ ಜಾತಿನೇ, ಒಳಗಿರೋದು ಸೆರಾಮಿಕ್ ಬಿಲ್ಲೆ, ಬಿಸಿ ಏರಿದಂಗೆ ಅದರ ರೆಸಿಸ್ಟೆನ್ಸೂ ಏರಿ ಕರೆಂಟ್ ಎಳೆಯೋದನ್ನ ತಾನೇ ಕಮ್ಮಿ ಮಾಡ್ಕೊಳ್ಳುತ್ತೆ, ಹಂಗಾಗಿ ಕೆಂಪಗೆ ಕಾದು ಸುಟ್ಟುಹೋಗೋ ಭಯ ಇಲ್ಲ. ಆದ್ರೆ ಒಂದು ಯೂನಿಟ್ ಕರೆಂಟ್ ಹಾಕಿದ್ರೆ ಒಂದು ಯೂನಿಟ್ ಬಿಸಿ ಅಷ್ಟೇ, ಅದಕ್ಕಿಂತ ಬರಲ್ಲ. ಇನ್ನೊಂದು ಹೀಟ್ ಪಂಪ್. ಮನೇಲಿ ಫ್ರಿಜ್ ಹಿಂದೆ ಕೈ ಇಟ್ಟು ನೋಡಿ ಬೆಚ್ಚಗಿರುತ್ತೆ, ಒಳಗಿನ ಬಿಸೀನ ತೆಗೆದು ಹೊರಗೆ ಹಾಕ್ತಾ ಇರುತ್ತೆ ಅದು. ಅದೇ ಫ್ರಿಜ್ಜನ್ನ ತಿರುಗಿಸಿ ಇಟ್ಟಂಗೆ ಈ ಹೀಟ್ ಪಂಪ್, ಹೊರಗಿನ ಗಾಳೀಲಿರೋ ಬಿಸೀನ ಎತ್ತಿ ಒಳಗೆ ತರುತ್ತೆ. ಹೊರಗೆ 12 ಡಿಗ್ರಿ ಅಂದ್ರೂ ಅದರಲ್ಲೂ ಬಿಸಿ ಇದೆ ಅನ್ನೋದು ಮೊದಲು ಕೇಳಿದಾಗ ನನಗೂ ತಲೆಗೆ ಹತ್ತಿರ್ಲಿಲ್ಲ. ನಮ್ಮ ಕಡೆಯ ಚಳೀಲಿ ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಮೂರು ಯೂನಿಟ್‌ನಷ್ಟು ಬಿಸಿ ಸಿಗುತ್ತೆ. ನಿಸ್ಸಾನ್ ಲೀಫಿಗೆ 2013ರ ಮಾಡೆಲಲ್ಲೇ ಇದು ಬಂತು, ಟೆಸ್ಲಾದೋರು 2020ರಲ್ಲಿ ಮಾಡೆಲ್ ವೈಗೆ ಹಾಕಿದ್ರು. ನಮ್ ರೋಡಲ್ಲಿ ಓಡೋ ಕಮ್ಮಿ ರೇಟಿನ ಗಾಡಿಗಳಲ್ಲಿ ಇರೋದು ಮಾತ್ರ ಹೆಚ್ಚಾಗಿ ಪಿಟಿಸಿನೇ. ನಿಮ್ದು ಯಾವ್ದು ಅಂತ ಓನರ್ಸ್ ಮ್ಯಾನ್ಯುಯಲ್ಲಲ್ಲಿ ಇರುತ್ತೆ, ಶೋರೂಮಿನ ಹುಡುಗನ್ನ ಕೇಳೋಕಿಂತ ಅದನ್ನ ನೋಡೋದು ವಾಸಿ.

ಇಲ್ಲಿ ಒಂದು ಲೆಕ್ಕ ಎಲ್ರೂ ತಪ್ಪು ಮಾಡ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಗಾಡಿ ಓಡೋಕೆ ಬೇಕಾಗೋ ಕರೆಂಟು ಕಿಲೋಮೀಟರ್ ಲೆಕ್ಕ, ಹೀಟರಿಗೆ ಬೇಕಾಗೋದು ಗಂಟೆ ಲೆಕ್ಕ. ಗಾಡಿ ನೂರು ಕಿಲೋಮೀಟರಿಗೆ 14 ಯೂನಿಟ್ ತಿನ್ನುತ್ತೆ ಅಂದ್ಕೊಳ್ಳಿ, ನಮ್ಮೂರಿಂದ ಹೆಬ್ಬಾಳಕ್ಕೆ ಐವತ್ತು ಕಿಲೋಮೀಟರ್ ಅಂದ್ರೆ 7 ಯೂನಿಟ್. ಹೀಟರ್ ಫುಲ್ಲಾಗಿ ಇಟ್ಟು ಸರಾಸರಿ 2 ಕಿಲೋವ್ಯಾಟ್ ಎಳೀತಾ ಇದ್ರೆ, ರೋಡ್ ಖಾಲಿ ಇದ್ದು ಮುಕ್ಕಾಲು ಗಂಟೇಲಿ ತಲುಪಿದ್ರೆ ಒಂದೂವರೆ ಯೂನಿಟ್ ಹೋಯ್ತು, ಪರವಾಗಿಲ್ಲ. ಅದೇ ಏರ್‌ಪೋರ್ಟ್ ರೋಡಲ್ಲಿ ಸಿಕ್ಕಾಕ್ಕೊಂಡು ಒಂದೂವರೆ ಗಂಟೆ ಆದ್ರೆ 3 ಯೂನಿಟ್, ಅಂದ್ರೆ ಇಪ್ಪತ್ತು ಕಿಲೋಮೀಟರ್ ಓಡೋ ಚಾರ್ಜು ಕೂತಲ್ಲೇ ಖಾಲಿ. ದೂರದ ಪ್ರಯಾಣಕ್ಕಿಂತ ಜಾಮು ಮತ್ತೆ ಚಿಕ್ಕ ಚಿಕ್ಕ ಓಡಾಟನೇ ಚಳೀಲಿ ಜಾಸ್ತಿ ತಿನ್ನೋದು. ಮಗೂನ ಸ್ಕೂಲಿಗೆ ಬಿಟ್ಟು ಬಂದು ನಿಲ್ಸಿ, ಮತ್ತೆ ಅರ್ಧ ಗಂಟೆ ಬಿಟ್ಟು ಸಂತೆಗೆ ಹೋಗಿ ನಿಲ್ಸಿ, ಹಿಂಗೆ ಪ್ರತಿ ಸಲ ತಣ್ಣಗಾದ ಗಾಡೀನ ಹೊಸದಾಗಿ ಕಾಯಿಸ್ಬೇಕಲ್ಲ. ಆಗೋದಾದ್ರೆ ಕೆಲಸ ಎಲ್ಲಾ ಒಂದೇ ಸುತ್ತಲ್ಲಿ ಮುಗಿಸಿ.

ಹಿಂದಿನ ರಾತ್ರಿ ಮಾಡೋ ಕೆಲಸ

ಅರ್ಧ ಉಳಿತಾಯ ರಾತ್ರೀನೇ ಆಗೋಗುತ್ತೆ. ಗಾಡಿ ನಿಲ್ಸೋ ಜಾಗ ನೋಡಿ. ಬಯಲಲ್ಲಿ ಆಕಾಶಕ್ಕೆ ತೆರೆದು ನಿಂತ ಗಾಜು ರಾತ್ರಿ ತನ್ನ ಬಿಸೀನೆಲ್ಲಾ ಮೇಲಕ್ಕೆ ಬಿಟ್ಕೊಟ್ಟು ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತೆ, ಇಬ್ಬನಿ ಕೂರೋದು ಅದಕ್ಕೇ. ಮೇಲೆ ಒಂದು ಶೀಟೋ, ಹುಣಸೆ ಮರವೋ, ಪೋರ್ಟಿಕೋವೋ ಏನಾದ್ರೂ ಇದ್ರೆ ಬೆಳಿಗ್ಗೆ ಗಾಜು ಹೆಚ್ಚೂಕಮ್ಮಿ ಒಣಗೇ ಇರುತ್ತೆ. ಏನೂ ಇಲ್ವಾ, ಮುಂದಿನ ಗಾಜಿನ ಮೇಲೆ ಒಂದು ಹಳೇ ಬೆಡ್‌ಶೀಟ್ ಹಾಕಿ ವೈಪರ್ ಕೆಳಗೆ ಸಿಕ್ಕಿಸಿ, ಅಷ್ಟೇ ಸಾಕು. ಒಂಬತ್ತು ಗಂಟೆ ಮೇಲೆ ಹೊರಡೋರು ಗಾಡೀನ ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಸೂರ್ಯ ಬಂದು ಗಾಜಿಂದ ಒಳಗೆ ಹೊಕ್ಕು ಫ್ರೀಯಾಗಿ ಕಾಯಿಸ್ತಾನೆ.

ಮುಖ್ಯವಾದ್ದು ಚಾರ್ಜಿಂಗ್ ಟೈಮು. ಸಂಜೆ ಬಂದ ತಕ್ಷಣ ಚುಚ್ಚಿ ರಾತ್ರಿ ಹನ್ನೊಂದಕ್ಕೆ ಫುಲ್ ಆದ್ರೆ ಬೆಳಿಗ್ಗೆವರೆಗೂ ಬ್ಯಾಟ್ರಿ ತಣ್ಣಗೆ ಕೂತಿರುತ್ತೆ. ಅದರ ಬದಲು ಆಪಲ್ಲೋ ಸ್ಕ್ರೀನಲ್ಲೋ ಟೈಮರ್ ಇಟ್ಟು, ಹೊರಡೋ ಟೈಮಿಗೆ ಸ್ವಲ್ಪ ಮುಂಚೆ ಚಾರ್ಜ್ ಮುಗಿಯೋ ಹಂಗೆ ಮಾಡಿ. ಚಾರ್ಜ್ ಆಗೋವಾಗ ಬ್ಯಾಟ್ರಿ ಒಳಗೆ ಒಂಚೂರು ಬಿಸಿ ಹುಟ್ಟುತ್ತೆ, ಆ ಬೆಚ್ಚಗಿರೋ ಬ್ಯಾಟ್ರೀಲೇ ಹೊರಟ್ರೆ ರೀಜೆನೂ (ಕಾಲು ಎತ್ತಿದಾಗ ಮೋಟ್ರೇ ಗಾಡಿ ಹಿಡಿದು ಕರೆಂಟ್ ಮಾಡಿ ಬ್ಯಾಟ್ರಿಗೆ ವಾಪಸ್ ತುಂಬೋದು) ಚೆನ್ನಾಗಿ ಸಿಗುತ್ತೆ. ಲೆಕ್ಕ ಸುಲಭ: 16 ಆಂಪ್ ಪ್ಲಗ್ಗಲ್ಲಿ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತೆ, 15 ಯೂನಿಟ್ ತುಂಬ್ಬೇಕು ಅಂದ್ರೆ ಐದು ಗಂಟೆ, ಆರಕ್ಕೆ ಹೊರಡೋನು ಹನ್ನೆರಡೂವರೆಗೆ ಶುರು ಮಾಡಿದ್ರೆ ಆಯ್ತು. ಆ ಅರ್ಧ ಗಂಟೆ ಎಕ್ಸ್ಟ್ರಾ ಯಾಕೆ ಅಂದ್ರೆ ರಾತ್ರಿ ಕರೆಂಟ್ ಹೋಗೋದು ನಮಗೇನ್ ಹೊಸದಾ. ಹಳ್ಳಿ ಫೀಡರಲ್ಲಿ ಇರೋರು ಒಂದು ಗಂಟೇನೇ ಎಕ್ಸ್ಟ್ರಾ ಇಟ್ಕೊಳ್ಳಿ.

(ಇನ್ನೊಂದು ವಿಷಯ, ಚಳಿಗೂ ಇದಕ್ಕೂ ಸಂಬಂಧ ಇಲ್ಲ ಆದ್ರೂ ಹೇಳ್ತೀನಿ. ದಿನಾ ಬೆಂಗ್ಳೂರಿಗೆ ಹೋಗಿ ಬರೋರು ಮನೆ ಮೀಟರಿಂದಲೇ ಚಾರ್ಜ್ ಮಾಡಿದ್ರೆ ತಿಂಗಳಿಗೆ 300 ಯೂನಿಟ್ ಅದೊಂದಕ್ಕೇ ಹೋಗುತ್ತೆ. ಗೃಹಜ್ಯೋತೀಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ಲು ಕಟ್ಬೇಕು. ಗಾಡಿಗೆ ಅಂತಲೇ ಬೇರೆ ಕನೆಕ್ಷನ್ ತಗೊಳ್ಳೋದು ಒಳ್ಳೇದು, ನಾನು ಎರಡು ಬಿಲ್ ಕಟ್ಟಿದ್ಮೇಲೆ ಬುದ್ಧಿ ಬಂದು ತಗೊಂಡೆ.)

ಟೈರ್ ಗಾಳಿ. ಐದೂವರೆ ಡಿಗ್ರಿ ಇಳಿದ್ರೆ ಹೆಚ್ಚೂಕಮ್ಮಿ 1 ಪಿಎಸ್‌ಐ ಇಳಿಯುತ್ತೆ. ಮಧ್ಯಾಹ್ನ 28 ಡಿಗ್ರಿ ಇದ್ದಾಗ ಪೆಟ್ರೋಲ್ ಬಂಕಲ್ಲಿ ಸರಿಯಾಗಿ 33 ಹಿಡಿಸ್ಕೊಂಡ್ ಬಂದ್ರೂ ಬೆಳಿಗ್ಗೆ 13 ಡಿಗ್ರೀಲಿ ನೋಡಿದ್ರೆ ಮೂವತ್ತರ ಆಸುಪಾಸು ಇರುತ್ತೆ. ಗಾಳಿ ಕಮ್ಮಿ ಇರೋ ಟೈರಿಗೆ ಎಳೆತ ಜಾಸ್ತಿ, ಚಾರ್ಜೂ ಜಾಸ್ತಿ ತಿನ್ನುತ್ತೆ. ಡೋರಿನ ಹತ್ರ ಬರೆದಿರೋ ನಂಬರು ತಣ್ಣಗಿರೋ ಟೈರಿಂದು, ಬೆಳಿಗ್ಗೇನೇ ಚೆಕ್ ಮಾಡಿ. ಒಂದು ಚಿಕ್ಕ ಪಂಪ್ ಡಿಕ್ಕೀಲಿ ಇದ್ರೆ ಸಾಕು.

ಹೊರಡೋಕೆ ಹದಿನೈದು ನಿಮಿಷ ಮುಂಚೆ

ಪ್ಲಗ್ ಕೀಳಬೇಡಿ. ಪ್ಲಗ್ ಚುಚ್ಚಿರೋವಾಗಲೇ ಆಪಿಂದ ಹೀಟರ್ ಆನ್ ಮಾಡಿ, ಆಪ್ ಇಲ್ದಿದ್ರೆ ಹೋಗಿ ಆನ್ ಮಾಡಿ ಒಳಗೆ ಬಂದು ಕಾಫಿ ಕುಡೀರಿ. ತಣ್ಣಗಿರೋ ಸೀಟು, ಡ್ಯಾಶ್‌ಬೋರ್ಡು, ಗಾಜು ಇವನ್ನೆಲ್ಲಾ ಮೊದಲ ಸಲ ಬಿಸಿ ಮಾಡೋಕೇ ಜಾಸ್ತಿ ಕರೆಂಟು ಬೇಕಾಗೋದು, ಪಿಟಿಸಿ ಹೀಟರ್ ಶುರುವಲ್ಲಿ ಮೂರು ನಾಕು ಕಿಲೋವ್ಯಾಟ್ ಎಳೆದು ಆಮೇಲೆ ಒಂದರ ಸುತ್ತ ಬಂದು ನಿಲ್ಲುತ್ತೆ. ಆ ಮೊದಲ ದೊಡ್ಡ ತುತ್ತು ಗೋಡೆ ಕರೆಂಟಿಂದ ತಿನ್ಲಿ. ಕೆಲವು ಗಾಡೀಲಿ ಚಾರ್ಜ್ ಆಗೋವಾಗ ಹೀಟರ್ ಆನ್ ಆಗಲ್ಲ, ಒಂದ್ಸಲ ಟ್ರೈ ಮಾಡಿ ನೋಡ್ಕೊಳ್ಳಿ. 16 ಆಂಪ್ ಪ್ಲಗ್ ಇರೋರು ಇನ್ನೊಂದು ಗಮನಿಸಿ, ಗೋಡೆಯಿಂದ 3 ಬರ್ತಿದ್ದು ಹೀಟರ್ 4 ಎಳೆದ್ರೆ ಉಳಿದ ಒಂದು ಬ್ಯಾಟ್ರಿಯಿಂದ ಹೋಗುತ್ತೆ, ಹಂಗಾಗಿ ಶುರುವಲ್ಲೇ ಫುಲ್ ಇಡದೆ 20-21 ಡಿಗ್ರಿಗೆ ಇಟ್ಟು ಐದು ನಿಮಿಷ ಜಾಸ್ತಿ ಬಿಡಿ. 7.2 ಕಿಲೋವ್ಯಾಟ್ ವಾಲ್‌ಬಾಕ್ಸ್ (ಗೋಡೆಗೆ ಹಾಕ್ಸೋ ದೊಡ್ಡ ಚಾರ್ಜರ್) ಇರೋರಿಗೆ ಈ ತಲೆನೋವಿಲ್ಲ.

ಮುಚ್ಚಿದ ಗ್ಯಾರೇಜಲ್ಲಿ ಹೀಟರ್ ಹಾಕಿ ಬಿಟ್ರೆ ಉಸಿರು ಕಟ್ಟುತ್ತಾ ಅಂತ ನಮ್ಮ ಚಿಕ್ಕಪ್ಪ ಕೇಳಿದ್ರು, ಹುಳು ಮನೆ ಇದ್ದಿಲಿನ ಹೊಗೆ ನೋಡಿದೋರು ಅವರು, ಕೇಳೋದು ನ್ಯಾಯನೇ. ಪೆಟ್ರೋಲ್ ಗಾಡಿ ಆದ್ರೆ ಖಂಡಿತ ಅಪಾಯ. ಇದಕ್ಕೆ ಸೈಲೆನ್ಸರೇ ಇಲ್ಲ, ವಿಷದ ಗಾಳಿ ಬರೋ ಮಾತೇ ಇಲ್ಲ.

ಗಾಜಿನ ಮಂಜು: ನಮ್ಮ ಕಡೆ ಅಸಲಿ ಸಮಸ್ಯೆ ಇದೇ

ನಿಜ ಹೇಳ್ಬೇಕು ಅಂದ್ರೆ ಚಿಕ್ಕಬಳ್ಳಾಪುರದ ಚಳಿಗೆ ಸ್ವೆಟರ್ ಸಾಕು, ಹೀಟರ್ ಬೇಕಾಗೋದು ಗಾಜಿಗೆ. ಮನುಷ್ಯ ಸುಮ್ನೆ ಕೂತಿದ್ರೂ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಬರುತ್ತೆ, ಐದು ಜನ ಕೂತ್ರೆ ಅರ್ಧ ಕಿಲೋವ್ಯಾಟ್ ಹೀಟರ್ ಬಿಟ್ಟಿ ಸಿಕ್ಕಂಗೆ. ಆದ್ರೆ ಐದು ಜನರ ಉಸಿರಿನ ತೇವನೂ ಅಲ್ಲೇ ಇರುತ್ತಲ್ಲ, ಅದು ಹೋಗಿ ತಣ್ಣಗಿರೋ ಗಾಜಿಗೆ ಅಂಟುತ್ತೆ. ಹುಳು ಮನೇಲೂ ಇದೇ ಕಥೆ, ಹಣ್ಣು ಹುಳ, ಅಂದ್ರೆ ಮೇವು ಬಿಟ್ಟ ಹುಳ, ಚಂದ್ರಿಕೇಲಿ (ಬಿದಿರಿನ ತಟ್ಟೇಲಿ) ಗೂಡು ಕಟ್ಟೋವಾಗ ಚಳಿ ಅಂತ ಕಿಟಕಿ ಎಲ್ಲಾ ಮುಚ್ಚಿದ್ರೆ ತೇವ ನಿಂತು ಗೂಡು ಕೆಡುತ್ತೆ, ಮಾರ್ಕೆಟಲ್ಲಿ ರೇಟ್ ಬಿದ್ದೋಗುತ್ತೆ. ಬಿಸೀನೂ ಬೇಕು, ಗಾಳಿ ಆಡೋದೂ ಬೇಕು.

ಕಾರಲ್ಲಿ ಜನ ಮಾಡೋ ತಪ್ಪೂ ಅದೇ, ಬಿಸಿ ಉಳೀಲಿ ಅಂತ ರೀಸರ್ಕ್ಯುಲೇಷನ್ (ಒಳಗಿನ ಗಾಳೀನೇ ಸುತ್ತಿಸೋ ಬಟನ್) ಒತ್ತಿ ಬಿಡ್ತಾರೆ, ಹತ್ತು ನಿಮಿಷಕ್ಕೆ ಗಾಜೆಲ್ಲಾ ಬೆಳ್ಳಗೆ, ಆಮೇಲೆ ಕರ್ಚೀಫಲ್ಲಿ ಒರೆಸ್ಕೊಂಡು ಒಂದು ಕೈಲಿ ಓಡಿಸೋದು. ನಾನು ಮಾಡೋದು ಹೇಳ್ತೀನಿ. ಶುರುವಲ್ಲಿ ನಾಕೈದು ನಿಮಿಷ ಮಾತ್ರ ರೀಸರ್ಕ್ಯುಲೇಷನ್, ಒಳಗೆ ಬಿಸಿ ಏರೋವರೆಗೆ. ಆಮೇಲೆ ಹೊರಗಿನ ಗಾಳಿಗೆ ಬದಲಾಯಿಸಿ. ಹೊರಗೆ ಮಂಜು ತುಂಬಿದೆ, ಆ ಒದ್ದೆ ಗಾಳಿ ಒಳಗೆ ಬಂದ್ರೆ ಇನ್ನೂ ಕೆಡಲ್ವಾ ಅನ್ಸುತ್ತೆ, ಕೆಡಲ್ಲ. 13 ಡಿಗ್ರಿಯ ಪೂರ್ತಿ ಒದ್ದೆ ಗಾಳೀನ 20 ಡಿಗ್ರಿಗೆ ಕಾಯಿಸಿದ್ರೆ ಅದರ ತೇವಾಂಶ 100ರಿಂದ 64ರ ಹತ್ರಕ್ಕೆ ಇಳಿಯುತ್ತೆ, ಗಾಜಿನ ನೀರನ್ನ ಅದೇ ಕುಡ್ಕೊಂಡ್ ಹೋಗುತ್ತೆ.

ಆದ್ರೂ ಬಿಡಲಿಲ್ಲ ಅಂದ್ರೆ ಮುಂದಿನ ಡಿಫಾಗ್ ಬಟನ್ ಒತ್ತಿ. ಅದನ್ನ ಒತ್ತಿದ್ರೆ ಎಸಿನೂ ತಾನೇ ಆನ್ ಆಗುತ್ತೆ, "ಚಳೀಲಿ ಎಸಿ ಯಾಕೆ" ಅಂತ ಆಫ್ ಮಾಡ್ಬೇಡಿ ದಯವಿಟ್ಟು, ಎಸಿ ಇಲ್ಲಿ ತಣ್ಣಗೆ ಮಾಡೋಕಲ್ಲ, ಗಾಳೀಲಿರೋ ನೀರು ಹಿಂಡಿ ತೆಗೆಯೋಕೆ, ಆ ಒಣಗಿದ ಗಾಳೀನ ಹೀಟರ್ ಮತ್ತೆ ಕಾಯಿಸಿ ಗಾಜಿಗೆ ಊದುತ್ತೆ. ಕಂಪ್ರೆಸರ್ರೂ ಹೀಟರ್ರೂ ಎರಡೂ ಒಟ್ಟಿಗೆ ಓಡೋದ್ರಿಂದ ಕರೆಂಟ್ ಚೆನ್ನಾಗೇ ತಿನ್ನುತ್ತೆ, ಅದಕ್ಕೆ ಮೂರು ನಾಕು ನಿಮಿಷ, ಗಾಜು ತಿಳಿಯಾದ ತಕ್ಷಣ ಆಫ್. ಹಿಂದಿನ ಗಾಜಿನ ಗೆರೆ ಗೆರೆ ಡಿಫಾಗರ್ರೂ ಅಷ್ಟೇ, ಆನ್ ಮಾಡಿ ಮರೆತು ಮೈಲಿಗಟ್ಟಲೆ ಹೋಗ್ಬೇಡಿ.

ಕರೆಂಟೇ ಬೇಡದ ಉಪಾಯಗಳೂ ಇವೆ. ಗಾಜಿನ ಒಳಬದಿ ವಾರಕ್ಕೊಂದ್ಸಲ ಚೆನ್ನಾಗಿ ಒರೆಸಿ, ಎಣ್ಣೆ ಕೈ, ಊದುಬತ್ತಿ ಹೊಗೆ, ಧೂಳು ಕೂತಿರೋ ಗಾಜಿಗೆ ಮಂಜು ಬೇಗ ಹಿಡಿಯುತ್ತೆ (ಡ್ಯಾಶ್‌ಬೋರ್ಡ್ ಮೇಲೆ ದೇವರಿಟ್ಟು ಊದುಬತ್ತಿ ಹಚ್ಚೋರು ಬೇಜಾರು ಮಾಡ್ಕೋಬೇಡಿ). ಒದ್ದೆ ಮ್ಯಾಟು, ಒದ್ದೆ ಟವಲ್, ಹಿಂದೆ ಸೀಟಲ್ಲಿ ಮೂಟೆ ಸೊಪ್ಪು ಇವೆಲ್ಲಾ ರಾತ್ರಿ ಗಾಡೀಲಿ ಬಿಡ್ಬೇಡಿ. ಅವರೆಕಾಯಿ ಸೀಸನ್ನಲ್ಲಿ ಒಂದು ಮೂಟೆ ಇಬ್ಬನಿ ಹಿಡಿದ ಕಾಯಿ ತುಂಬ್ಕೊಂಡು ಹೋಗಿದ್ದೆ, ಸೊಗಡಿನ ವಾಸನೆ ಏನೋ ಚೆನ್ನಾಗಿತ್ತು, ಗಾಜು ಮಾತ್ರ ದಾರಿಯುದ್ದಕ್ಕೂ ಅಳ್ತಾನೇ ಇತ್ತು.

ಮನುಷ್ಯರನ್ನ ಕಾಯಿಸಿ

ಸೀಟ್ ಹೀಟರ್ ಇರೋ ಗಾಡಿ ಆದ್ರೆ ನೀವು ಪುಣ್ಯವಂತರು. ಒಂದು ಸೀಟಿಗೆ 50ರಿಂದ 75 ವ್ಯಾಟ್ ಅಷ್ಟೇ, ಇಡೀ ಕ್ಯಾಬಿನ್ ಕಾಯಿಸೋಕೆ ಬೇಕಾಗೋ 1,000 ವ್ಯಾಟ್ ಎಲ್ಲಿ ಇದೆಲ್ಲಿ. ಸೊಂಟ ಬೆಚ್ಚಗಿದ್ರೆ ಗಾಳಿ 18 ಡಿಗ್ರಿ ಇದ್ರೂ ಮೈಗೆ ಗೊತ್ತಾಗಲ್ಲ. ಇಲ್ದೇ ಇರೋರು ಆನ್‌ಲೈನಲ್ಲಿ ಸಿಗೋ ಸೀಟ್ ಮೇಲೆ ಹಾಸೋ ಹೀಟರ್ ತಗೋಬಹುದು, ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚೋದು. ಆ ಸಾಕೆಟ್ ಎಷ್ಟು ವ್ಯಾಟ್ ತಡೆಯುತ್ತೆ ಅಂತ ಪಕ್ಕದಲ್ಲೇ ಬರೆದಿರುತ್ತೆ, ಬಹಳ ಗಾಡೀಲಿ 120 ವ್ಯಾಟ್, ಅದನ್ನ ಮೀರಬೇಡಿ. ಅಕ್ಸೆಸರಿ ಅಂಗಡೀಲಿ ವೈರ್ ಕತ್ತರಿಸಿ ಸೇರಿಸಿಕೊಡ್ತೀನಿ ಅಣ್ಣ ಅಂದ್ರೆ ಬೇಡ ಅನ್ನಿ, ವಾರಂಟಿ ಹೋಗುತ್ತೆ, ಅದಕ್ಕಿಂತ ದೊಡ್ಡದು ಬೆಂಕಿ ಭಯ.

ಇನ್ನೊಂದು ನಮ್ಮಮ್ಮ ಕಂಡುಹಿಡಿದಿದ್ದು: ಮೊಣಕಾಲಿಗೆ ಶಾಖ ಕೊಡೋ ಬಿಸಿನೀರಿನ ರಬ್ಬರ್ ಬ್ಯಾಗು. ಒಂದು ಲೀಟರ್ ನೀರು 70 ಡಿಗ್ರಿಗೆ ಕಾಯಿಸೋಕೆ ಮನೇಲಿ ಯೂನಿಟ್‌ನ ಇಪ್ಪತ್ತರಲ್ಲೊಂದು ಪಾಲು ಕರೆಂಟು, ಬೆಂಗ್ಳೂರು ಸೇರೋವರೆಗೂ ಮಡಿಲಲ್ಲಿ ಬೆಚ್ಚಗಿರುತ್ತೆ. ಹಿಂದಿನ ಸೀಟಿನೋರಿಗೆ ಒಂದು ಕಂಬಳಿ. ಡ್ರೈವರ್ ಮಾತ್ರ ಕಾಲ ಮೇಲೆ ಕಂಬಳಿ, ಬ್ಯಾಗು ಏನೂ ಇಟ್ಕೋಬೇಡಿ, ಪೆಡಲ್ ಕೆಳಗೆ ಜಾರಿದ್ರೆ ಕಥೆ ಮುಗೀತು. ಡ್ರೈವರಿಗೆ ಸ್ವೆಟರ್, ಕಾಲುಚೀಲ, ತೆಳ್ಳನೆ ಗ್ಲೌಸ್.

ಇದೆಲ್ಲಾ ಆದ್ಮೇಲೂ ಕ್ಯಾಬಿನ್ ಹೀಟರ್ ಬೇಕು ಅಂದ್ರೆ ಹಾಕ್ಕೊಳ್ಳಿ, ಅದಕ್ಕೇ ಕೊಟ್ಟಿರೋದು. ಗಾಳಿ ಕಾಲಿನ ಕಡೆ ಬಿಡಿ, ಬಿಸಿ ತಾನಾಗೇ ಮೇಲೆ ಏರುತ್ತೆ. ಆಟೋದಲ್ಲಿ 20-21. ಕೊನೇವರೆಗೂ ತಿರುಗಿಸಿ "ಹೈ" ಮಾಡಿದ್ರೆ ಅದು ನಿಲ್ಲೋದೇ ಇಲ್ಲ, ಎಷ್ಟು ಶಕ್ತಿ ಇದ್ಯೋ ಅಷ್ಟೂ ಎಳೀತಾನೇ ಇರುತ್ತೆ, ಮೊದಲು ಹೇಳಿದ ಆ ಮದುವೆಗೆ ಹೋದಾಗ ಆಗಿದ್ದೂ ಅದೇ. ಇಕೋ ಮೋಡಲ್ಲಿ ಕೆಲವು ಗಾಡಿ ಹೀಟರ್ ಶಕ್ತೀನೇ ಕಮ್ಮಿ ಮಾಡುತ್ತೆ, ಒಬ್ರೇ ಹೋಗೋವಾಗ ಅದು ಸಾಕು.

ರೋಡಲ್ಲಿ, ಮತ್ತೆ ನಂದಿ ಬೆಟ್ಟದ ಮೇಲೆ

ಹೊರಟ ಮೊದಲ ಕೆಲವು ಕಿಲೋಮೀಟರು ಕಾಲು ಎತ್ತಿದ್ರೂ ಗಾಡಿ ಹಿಡಿಯಲ್ಲ, ಜಾರ್ಕೊಂಡ್ ಹೋಗ್ತಾ ಇರುತ್ತೆ ಅನ್ಸಿದ್ರೆ ಗಾಬರಿ ಬೇಡ, ರಿಪೇರಿ ಏನೂ ಅಲ್ಲ. ತಣ್ಣಗಿರೋ ಬ್ಯಾಟ್ರಿಗೆ ಕರೆಂಟು ಬೇಗ ಬೇಗ ಒಳಗೆ ತಗೊಳ್ಳೋಕಾಗಲ್ಲ, ಒಳಗಿನ ರಸಾಯನ ಮಂದ ಆಗಿರುತ್ತೆ, ಅದಕ್ಕೆ ಕಂಪ್ಯೂಟರ್ರೇ ರೀಜೆನ್ ಕಮ್ಮಿ ಮಾಡಿರುತ್ತೆ. ನೂರಕ್ಕೆ ನೂರು ಚಾರ್ಜ್ ಇದ್ರೂ ಹಿಂಗೇ. ಬ್ರೇಕ್ ಪೆಡಲ್ ಮೇಲೆ ಕಾಲು ರೆಡಿ ಇಟ್ಕೊಳ್ಳಿ, ಮುಖ್ಯವಾಗಿ ಹೈವೇ ಮಂಜಲ್ಲಿ. ಮಂಜಲ್ಲಿ ಲೋ ಬೀಮ್, ನಿಧಾನ, ಅಷ್ಟೇ. ಓಡ್ತಾ ಇರೋವಾಗ ನಾಲ್ಕೂ ಇಂಡಿಕೇಟರ್ ಹಾಕ್ಕೊಂಡ್ ಹೋಗೋ ಅಭ್ಯಾಸ ಬಿಡಿ, ನೀವು ನಿಂತಿದೀರಾ ಹೋಗ್ತಿದೀರಾ ಹಿಂದಿನೋನಿಗೆ ಗೊತ್ತಾಗಲ್ಲ. ನೂರರ ಬದಲು ಎಂಬತ್ತರಲ್ಲಿ ಹೋದ್ರೆ ಉಳಿಯೋ ಚಾರ್ಜಲ್ಲೇ ನಿಮ್ಮ ಹೀಟರ್ ಖರ್ಚು ಬಂದುಬಿಡುತ್ತೆ.

ಈಗ ನಂದಿ. ಬೆಟ್ಟ 1,478 ಮೀಟರ್, ನಮ್ಮೂರು ಒಂಬೈನೂರು ಚಿಲ್ಲರೆ, ಏರೋದು ಸುಮಾರು 560 ಮೀಟರ್. ಐದು ಜನ ಕೂತ ಕಾರು 1,850 ಕಿಲೋ ಅಂದ್ರೆ ಬರೀ ಮೇಲೆ ಎತ್ತೋಕೇ 2.8 ಯೂನಿಟ್ ಬೇಕು, ಅಲ್ಲಿ ಇಲ್ಲಿ ಸೋರೋದು ಸೇರಿ ಮೂರಕ್ಕಿಂತ ಮೇಲೆ, ದಾರಿ ಓಡೋ ಖರ್ಚು ಬೇರೆ. ಇಳಿಯೋವಾಗ ಅದರಲ್ಲಿ ಅರ್ಧದಷ್ಟೋ ಸ್ವಲ್ಪ ಜಾಸ್ತೀನೋ ರೀಜೆನಲ್ಲಿ ವಾಪಸ್ ಬರುತ್ತೆ. ಮೇಲೆ ಎರಡು ಗಂಟೆ ಗಾಳೀಲಿ ನಿಂತ್ರೆ ಬ್ಯಾಟ್ರಿ ತಣ್ಣಗಾಗಿ ರೀಜೆನ್ ಸಿಗಲ್ಲ ಅಂತ ಹೆದರಬೇಡಿ, ಅದು ಮುನ್ನೂರು ಕಿಲೋ ಹತ್ರದ ಗುಂಡುಕಲ್ಲು ಇದ್ದಂಗೆ, ಅಷ್ಟು ಬೇಗ ಆರಲ್ಲ, ಆರೋದು ಇಡೀ ರಾತ್ರಿ ನಿಂತಾಗ. ಇಳಿಜಾರಲ್ಲಿ ನ್ಯೂಟ್ರಲ್ ಹಾಕೋ ಹಳೇ ಚಾಳಿ ಮಾತ್ರ ಬೇಡವೇ ಬೇಡ, ರೀಜೆನ್ನೂ ಹೋಯ್ತು, ಬ್ರೇಕೂ ಕಾಯುತ್ತೆ.

ಸೂರ್ಯೋದಯ ನೋಡೋಕೆ ಬಂದು ಗೇಟ್ ಮುಂದೆ ಕ್ಯೂನಲ್ಲಿ ನಿಂತಾಗ ಮೋಟ್ರು ಏನೂ ತಿನ್ನಲ್ಲ, ಹೀಟರ್ ಮಾತ್ರ. ಗಂಟೆಗೆ ಒಂದು ಯೂನಿಟ್ ಅಂತ ಲೆಕ್ಕ ಹಾಕ್ಕೊಂಡು ಆರಾಮಾಗಿ ಕೂತ್ಕೊಳ್ಳಿ, ಅಥವಾ ಹೊರಗೆ ಬಂದು ಟೀ ಕುಡೀರಿ.

ಚಾರ್ಜಿಂಗ್ ಸ್ಟೇಷನ್ನಲ್ಲಿ

ಬೆಳಿಗ್ಗೆ ತಣ್ಣಗಿರೋ ಗಾಡೀನ ಸೀದಾ ಡಿಸಿ ಫಾಸ್ಟ್ ಚಾರ್ಜರಿಗೆ ತಗೊಂಡ್ ಹೋದ್ರೆ ನಿಧಾನ ಆಗುತ್ತೆ. ನಮ್ಮಲ್ಲಿ ಬಹಳ ಗಾಡೀಲಿರೋ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟ್ರಿಗೆ ಚಳಿ ಅಂದ್ರೆ ಇನ್ನೂ ಆಗಲ್ಲ. ಸಂಜೆ ಐವತ್ತು ಕಿಲೋಮೀಟರ್ ಓಡ್ಕೊಂಡು ಬೆಚ್ಚಗೆ ಬಂದಿರ್ತೀರಲ್ಲ, ಆಗಲೇ ಹಾಕ್ಸಿ. ಬ್ಯಾಟ್ರಿ ಪ್ರೀಕಂಡಿಷನಿಂಗ್ (ಚಾರ್ಜಿಗೆ ಮುಂಚೆ ಬ್ಯಾಟ್ರಿ ಬೆಚ್ಚಗೆ ಮಾಡೋದು) ಇರೋ ಗಾಡಿ ಆದ್ರೆ ಗಾಡಿಯ ಮ್ಯಾಪಲ್ಲಿ ಚಾರ್ಜರನ್ನೇ ಊರು ಅಂತ ಹಾಕಿ, ದಾರೀಲೇ ಕಾಯಿಸ್ಕೊಂಡ್ ಹೋಗುತ್ತೆ.

ಮೈನಸ್ ಚಳಿಗೆ ಹೋಗೋರಿಗೆ

ಮನಾಲಿ ಕಡೆಗೆ ಇಲ್ಲಿಂದಲೂ ಗಾಡೀಲೇ ಹೋಗೋರು ಇದಾರೆ. 9.02 ಕಿಲೋಮೀಟರ್ ಅಟಲ್ ಸುರಂಗ 2020ರಲ್ಲಿ ತೆರೆದ್ಮೇಲೆ ಲಾಹೌಲ್‌ವರೆಗೂ ಚಳಿಗಾಲದಲ್ಲೇ ಹೋಗ್ತಾರೆ. ಅಲ್ಲಿ ಲೆಕ್ಕವೇ ಬೇರೆ. ಅಮೆರಿಕದ ಟ್ರಿಪಲ್ ಎ ಅನ್ನೋ ವಾಹನ ಸವಾರರ ಸಂಸ್ಥೆ 2019ರಲ್ಲಿ ಐದು ಎಲೆಕ್ಟ್ರಿಕ್ ಕಾರು ಇಟ್ಕೊಂಡು ಮೈನಸ್ 7 ಡಿಗ್ರೀಲಿ ಟೆಸ್ಟ್ ಮಾಡಿತ್ತು, ಹೀಟರ್ ಇಲ್ದೆ ರೇಂಜ್ 12 ಪರ್ಸೆಂಟ್ ಬಿತ್ತು, ಹೀಟರ್ ಹಾಕಿದ್ರೆ 41 ಪರ್ಸೆಂಟ್. ಅಂದ್ರೆ ಅಷ್ಟು ಚಳೀಲೂ ಬ್ಯಾಟ್ರಿ ಮಂದ ಆಗೋದಕ್ಕಿಂತ ಕ್ಯಾಬಿನ್ ಕಾಯಿಸೋದೇ ದೊಡ್ಡ ಖರ್ಚು. ಹಂಗಂತ ಓಡ್ಸೋಕಾಗಲ್ಲ ಅಂತಲ್ಲ, ಹಿಮದಲ್ಲೇ ಬದುಕೋ ನಾರ್ವೇಲಿ 2024ರಲ್ಲಿ ಮಾರಾಟ ಆದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಎಲೆಕ್ಟ್ರಿಕ್ಕೇ.

ಅಲ್ಲಿಗೆ ಹೋದ್ರೆ ತೋರಿಸೋ ರೇಂಜಲ್ಲಿ ಅರ್ಧ ಮಾತ್ರ ನಂಬಿ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದ್ರೆ ಲಿಥಿಯಂ ಪದರವಾಗಿ ಕೂತು ಬ್ಯಾಟ್ರಿ ಹಾಳಾಗುತ್ತೆ, ಬ್ಯಾಟ್ರಿ ಕಾಯಿಸೋ ವ್ಯವಸ್ಥೆ ಇರೋ ಗಾಡಿ ಅದಕ್ಕೇ ಮೊದಲು ಬ್ಯಾಟ್ರೀನ ಕಾಯಿಸ್ಕೊಂಡು ಆಮೇಲೆ ಚಾರ್ಜ್ ತಗೊಳ್ಳುತ್ತೆ, ಯಾಕೋ ಪರ್ಸೆಂಟ್ ಏರ್ತಾನೇ ಇಲ್ಲ ಅಂತ ಪ್ಲಗ್ ಕೀಳಬೇಡಿ. ಹೋಟೆಲ್ಲಲ್ಲಿ ಮಾಮೂಲಿ ಪ್ಲಗ್ ಪಾಯಿಂಟ್ ಸಿಕ್ಕಿದ್ರೂ ರಾತ್ರಿ ಹಾಕಿಡಿ. 20 ಪರ್ಸೆಂಟಿಗಿಂತ ಕೆಳಗೆ ಇಟ್ಟು ಮಲಗಬೇಡಿ. ಗಾಜಿನ ಮೇಲಿನ ಐಸ್ ಕರಗಲಿ ಅಂತ ಬಿಸಿನೀರು ಸುರೀಬೇಡಿ, ಗಾಜು ಸೀಳುತ್ತೆ. ಹಿಮದಲ್ಲಿ ರೋಡ್ ಬ್ಲಾಕ್ ಆಗಿ ಸಿಕ್ಕಾಕ್ಕೊಂಡ್ರೆ ಎಲೆಕ್ಟ್ರಿಕ್ ಗಾಡಿ ಪೆಟ್ರೋಲ್ ಗಾಡಿಗಿಂತ ಒಂದು ವಿಷಯದಲ್ಲಿ ವಾಸಿ, ಸೈಲೆನ್ಸರ್ ಮುಚ್ಚಿ ಹೊಗೆ ಒಳಗೆ ಬರೋ ಭಯ ಇಲ್ಲ, 30 ಯೂನಿಟ್ ಉಳಿದಿದ್ರೆ ಒಂದೂವರೆ ಕಿಲೋವ್ಯಾಟ್ ಹೀಟರಲ್ಲಿ ಇಪ್ಪತ್ತು ಗಂಟೆ ತಳ್ಳಬಹುದು, ಕಂಬಳಿ ಹೊದ್ಕೊಂಡು ಆಗಾಗ ಆಫ್ ಮಾಡಿದ್ರೆ ಇನ್ನೂ ಜಾಸ್ತಿ.

ಮರೆತಿದ್ದೆ, 12 ವೋಲ್ಟ್ ಚಿಕ್ಕ ಬ್ಯಾಟ್ರಿ. ದೊಡ್ಡ ಬ್ಯಾಟ್ರಿ ಫುಲ್ ಇದ್ರೂ ಇದು ಸತ್ರೆ ಗಾಡಿ ಆನೇ ಆಗಲ್ಲ, ಚಳೀಲಿ ಹಳೇದು ಬೇಗ ಕೈ ಕೊಡುತ್ತೆ. ಮೂರು ನಾಕು ವರ್ಷ ಆಗಿದ್ರೆ ನವೆಂಬರಲ್ಲೇ ಚೆಕ್ ಮಾಡ್ಸಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋಗುತ್ತಲ್ಲ, ಆಗ ಎರಡು ಕೆಲಸ ಇದೆ: ಬೆಳಿಗ್ಗೆ ಹೀಟರ್ ಹಾಕೋ ಟೈಮರ್ ಆಪಿಂದ ತೆಗೀರಿ, ಟೈರ್ ಗಾಳಿ ಇನ್ನೊಂದ್ಸಲ ಬೆಳಿಗ್ಗೇನೇ ನೋಡಿ ಜಾಸ್ತಿ ಆಗಿದ್ರೆ ಇಳಿಸಿ. ಹೋದ ವರ್ಷ ನಾನು ಟೈಮರ್ ತೆಗೆಯೋಕೆ ಮರೆತು ಮಾರ್ಚ್ ಕೊನೇವರೆಗೂ ಗಾಡಿ ದಿನಾ ಬೆಳಿಗ್ಗೆ ಐದೂ ಮುಕ್ಕಾಲಿಗೆ ತಾನೇ ಹೀಟರ್ ಹಾಕ್ಕೊಂಡು ಕೂತಿರ್ತಿತ್ತು, ಅಪ್ಪ ಅದನ್ನ ನೋಡಿ ಬೆಚ್ಚಗಿರಲಿ ಅಂತ ನಾಟಿಕೋಳಿ ಮರಿಗಳನ್ನ ಬುಟ್ಟಿ ಸಮೇತ ಅದರೊಳಗೇ ಇಟ್ಟುಬಿಟ್ಟಿದ್ರು.